ಎಡಗಡೆ ಮೂರನೇದು ಒತ್ತು

ವೆಬ್‌ಸೈಟ್ ಉದ್ಘಾಟನೆ ಅಂದರೆ ಚಂದದ ಸಮಾರಂಭ. ಮುಖ್ಯ ಅತಿಥಿಗಳು ಲ್ಯಾಪ್‌ಟಾಪಿನ ಮೇಲೆ ಬೆರಳಿಡುತ್ತಾರೆ, ಪರದೆಯ ಮೇಲೆ ಬಣ್ಣಬಣ್ಣದ ಹೂವು ಉದುರುತ್ತದೆ, ಚಪ್ಪಾಳೆ, ವಂದನಾರ್ಪಣೆ, ಆಮೇಲೆ ಕೇಸರಿಬಾತು. ಆವತ್ತು ತೋರಿಸುವುದೆಲ್ಲ ಮುಂಭಾಗ ಮಾತ್ರ. ಮರುದಿನ ಬೆಳಿಗ್ಗೆಯಿಂದ ಅದಕ್ಕೆ ಲೇಖನ ತುಂಬುವವರು, ಫೋಟೊ ಹಾಕುವವರು, ಅಧ್ಯಕ್ಷರ ಹೆಸರಿನ ಹಿಂದೆ ಬಿಟ್ಟುಹೋದ ‘ಡಾ.’ ಸೇರಿಸುವವರು ಕೂರುವುದು ಹಿಂಬದಿಯಲ್ಲಿ, ಬೇರೆಯದೇ ಒಂದು ಪರದೆಯ ಮುಂದೆ. ಆ ಪರದೆಯನ್ನು ಯಾವ ಸ್ವಾಮೀಜಿಯೂ ಯಾವ ಮಂತ್ರಿಯೂ ಉದ್ಘಾಟಿಸಿದ್ದನ್ನು ನಾನು ಕೇಳಿಲ್ಲ. ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬುದು ಅದರ ಉದ್ದನೆಯ ಹೆಸರು. ಬಲ್ಲವರು ಸಿಎಂಎಸ್ ಅನ್ನುತ್ತಾರೆ. ನಮ್ಮ ಪತ್ರಿಕೆಯಲ್ಲಿ ಡಿಟಿಪಿ ಮಾಡುವ ಅಕ್ಕ ಬರೀ ‘ಅದು’ ಅನ್ನುತ್ತಾರೆ. “ಅದು ಇವತ್ತು ಬೆಳಿಗ್ಗೆಯಿಂದ ಮುನಿಸ್ಕೊಂಡಿದೆ ಸರ್.”

ಅಕ್ಕ ಪೇಜ್‌ಮೇಕರ್ ಕಾಲದವರು. ಪುಟ ಕಟ್ಟುವುದರಲ್ಲಿ ಅವರ ಕೈ ಎಷ್ಟು ಪಳಗಿದೆಯೆಂದರೆ, ಕವಿತೆಯ ಸಾಲು ಹೆಚ್ಚಾಯಿತೆಂದು ನಾವು ತಲೆ ಕೆರೆದುಕೊಳ್ಳುವಷ್ಟರಲ್ಲಿ ಅವರು ಅದನ್ನು ಒಳಗೆ ತೂರಿಸಿ ಮುಗಿಸಿರುತ್ತಾರೆ. ಅಂಥವರನ್ನು ಹೊಸ ಸಿಎಂಎಸ್‌ನ ಮುಂದೆ ಕೂರಿಸಿ, ಅದನ್ನು ಕಟ್ಟಿಕೊಟ್ಟ ಕಂಪನಿಯ ಹುಡುಗ ಒಂದು ಮಧ್ಯಾಹ್ನ ತರಬೇತಿ ಕೊಟ್ಟ.

“ಏನಪ್ಪಾ, ಇದನ್ನ ಒತ್ತಿದ್ರೆ ಏನಾಗುತ್ತೆ?”

“ಅದು ನಿಮಗೆ ಬೇಡ ಮೇಡಂ.”

“ಇದು?”

“ಅಯ್ಯೋ, ಅದನ್ನ ಮಾತ್ರ ಮುಟ್ಟಬೇಡಿ ಮೇಡಂ.”

“ಮತ್ತೆ ಯಾಕಪ್ಪಾ ಇಟ್ಟಿದೀರಿ?”

ಹುಡುಗ ಕತ್ತು ಕೆರೆದುಕೊಂಡ. “ಡೀಫಾಲ್ಟ್ ಬರುತ್ತೆ ಮೇಡಂ.”

ಅವನು ಹೋದ ಮೇಲೆ ಅಕ್ಕ ಒಂದು ಲಾಂಗ್ ನೋಟ್‌ಬುಕ್ ತೆಗೆದು ತಮ್ಮದೇ ಕೈಪಿಡಿ ಬರೆದುಕೊಂಡರು. ಅದು ಈಗಲೂ ಕೀಬೋರ್ಡಿನ ಪಕ್ಕದಲ್ಲಿ, ಕಾಫಿ ಲೋಟದ ಕಲೆ ಹೊತ್ತು ಬಿದ್ದಿದೆ. ಮೊದಲ ಪುಟ ಹೀಗಿದೆ:

ಎಡಗಡೆ ಮೂರನೇದು ಒತ್ತು.
ಬಿಳಿ ಡಬ್ಬ ಬರುತ್ತೆ. ಬರದಿದ್ರೆ ಕಾಯಿ.
ಕೆಂಪು ಅಕ್ಷರದಲ್ಲಿ ಏನೋ ಬೈಯುತ್ತೆ. ಹೆದರಬೇಡ.
ಅದು ಕೇಳಿದ್ದಕ್ಕೆಲ್ಲ ಓಕೆ ಅನ್ನು.
ಸೇವ್ ಎರಡು ಸಲ ಕೊಡು. ಒಂದ್ಸಲಕ್ಕೆ ಆಗಲ್ಲ.
ನೀಲಿ ಬಟನ್ ಮುಟ್ಟಬೇಡ.

ಯಾವುದೋ ಅಪ್‌ಡೇಟ್ ಬಂದಾಗ ‘ಮೂರನೇದು’ ಹೊಡೆದುಹೋಗಿ ‘ನಾಲ್ಕನೇದು’ ಆಗಿದೆ. ಮುಂದಿನ ಅಪ್‌ಡೇಟಿಗೆ ಮತ್ತೆ ‘ಮೂರನೇದು’.

ಸಿಎಂಎಸ್‌ಗಳನ್ನು ಸುಲಭ ಮಾಡುವುದು ಹೇಗೆಂದು ಜಗತ್ತಿನಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ನನ್ನ ಮಟ್ಟಿಗೆ ಆ ಚರ್ಚೆಯ ಮುಕ್ಕಾಲು ಪಾಲು ಈ ನೋಟ್‌ಬುಕ್ಕಿನಲ್ಲೇ ಇದೆ. ‘ಹೆದರಬೇಡ’ ಅಂತ ಬರೆದಿರುವ ಕಡೆಯಲ್ಲೆಲ್ಲ ಯಾರಿಗೂ ಅರ್ಥವಾಗದ ಒಂದು ಎಚ್ಚರಿಕೆ ಕೂತಿದೆ. ‘ಕಾಯಿ’ ಅಂದರೆ ಯಂತ್ರ ಏನೋ ಮಾಡುತ್ತಿದೆ, ಏನೆಂದು ಬಾಯಿ ಬಿಡುತ್ತಿಲ್ಲ. ‘ಮುಟ್ಟಬೇಡ’ ಎಂಬ ಗುಂಡಿ ಆ ಪುಟದಲ್ಲಿ ಇರಲೇಬಾರದಿತ್ತು. ಜೇಕಬ್ ನೀಲ್ಸನ್ ಎಂಬ ತಜ್ಞರು 1994ರಲ್ಲಿ ಇಂಥ ಹತ್ತು ಸೂತ್ರಗಳನ್ನು ಪಟ್ಟಿ ಮಾಡಿದ್ದರು. ಯಂತ್ರ ತಾನು ಏನು ಮಾಡುತ್ತಿದ್ದೇನೆಂದು ಬಳಸುವವರಿಗೆ ಹೇಳುತ್ತಿರಬೇಕು ಎಂಬುದೇ ಅವುಗಳಲ್ಲಿ ಮೊದಲನೆಯದು. ಅಕ್ಕ ನೀಲ್ಸನ್‌ರನ್ನು ಓದಿಲ್ಲ, ನೀಲ್ಸನ್ ಅಕ್ಕನ ನೋಟ್‌ಬುಕ್ ನೋಡಿಲ್ಲ. ಆದರೂ ಇಬ್ಬರದೂ ಒಂದೇ ಮಾತು. ಐದು ಜನರನ್ನು ಕೂರಿಸಿ ಪರೀಕ್ಷಿಸಿದರೆ ಸುಮಾರು ಶೇ. 85ರಷ್ಟು ತೊಡಕುಗಳು ಹೊರಬೀಳುತ್ತವೆ ಅಂತಲೂ ನೀಲ್ಸನ್ 2000ದಲ್ಲಿ ಬರೆದರು. ನಮ್ಮ ಕಚೇರಿಗಾದರೆ ಒಬ್ಬ ಅಕ್ಕ ಸಾಕು.

ಆ ಪರೀಕ್ಷೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಹಿಂದೆ ಕೂತು ನೋಡುವವರು ತುಟಿ ಪಿಟಕ್ಕೆನ್ನಬಾರದು. ನಮ್ಮ ಜನಕ್ಕೆ ಇದು ಉಪವಾಸಕ್ಕಿಂತ ಕಷ್ಟ. ಯಾರಾದರೂ ಕಂಪ್ಯೂಟರ್ ಮುಂದೆ ಕೂತರೆ ಬೆನ್ನ ಹಿಂದೆ ನಿಂತವರ ತೋರುಬೆರಳು ತಾನಾಗಿ ಪರದೆಯ ಕಡೆ ಚಾಚುತ್ತದೆ. “ಅಲ್ಲ ಅಲ್ಲ, ಅದಲ್ಲ, ಮೇಲೆ... ಅಷ್ಟು ಮೇಲಲ್ಲ... ಹಾಂ, ದಾಟಿಹೋಯ್ತು... ಬಿಡಿ, ನಾನೇ ಮಾಡ್ತೀನಿ.” ಕುರ್ಚಿ ಕೈ ಬದಲಾಗುತ್ತದೆ, ಕೆಲಸ ಮುಗಿಯುತ್ತದೆ, ತೊಡಕು ಮಾತ್ರ ಇದ್ದಲ್ಲೇ ಇರುತ್ತದೆ.

ಡ್ರುಪಲ್ ಎಂಬ ಸಿಎಂಎಸ್‌ನವರು ಹಾಗೆ ಬಾಯಿ ಮುಚ್ಚಿ ಕೂತು ನೋಡಿದರು. 2008ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಳಕೆದಾರರನ್ನು ಕೂರಿಸಿ, ಅವರ ಕಣ್ಣು ಪರದೆಯ ಮೇಲೆ ಎಲ್ಲೆಲ್ಲಿ ಓಡಾಡುತ್ತದೆ ಎಂಬುದನ್ನು ಕ್ಯಾಮೆರಾದಲ್ಲಿ ಹಿಡಿದರು. ಡ್ರುಪಲ್ ಮಹಾ ಶಕ್ತಿವಂತ. ದೊಡ್ಡ ದೊಡ್ಡ ಸಂಸ್ಥೆಗಳ ತಾಣಗಳನ್ನು ಹೊತ್ತು ನಿಲ್ಲುತ್ತದೆ. ಆದರೆ ಹೊಸಬರು ಅದರ ಮುಂದೆ ಚಿಕ್ಕ ಕೆಲಸಕ್ಕೂ ತಡವರಿಸಿದರು. ಅದನ್ನು ನೋಡಿದ ಮೇಲೆ, ಮಾರ್ಕ್ ಬೋಲ್ಟನ್ ಮತ್ತು ಲೀಸಾ ರೈಖೆಲ್ಟ್ ಎಂಬ ವಿನ್ಯಾಸಕರ ನೇತೃತ್ವದಲ್ಲಿ ಹಿಂಬದಿಯನ್ನು ಹೊಸದಾಗಿ ಯೋಚಿಸಿದರು. 2011ರ ಜನವರಿಯಲ್ಲಿ ಬಂದ ಡ್ರುಪಲ್ 7ಕ್ಕೆ ಅದೇ ಬುನಾದಿ. ಅವರು ಇಟ್ಟುಕೊಂಡ ತತ್ವಗಳಲ್ಲಿ ಎರಡು ನನಗೆ ಬಹಳ ಇಷ್ಟ: ಬರಹ ತುಂಬುವವರಿಗೇ ಮೊದಲ ಮಣೆ, ಡೀಫಾಲ್ಟ್ ಆಗಿ ಬರುವುದೆಲ್ಲ ಬುದ್ಧಿವಂತಿಕೆಯಿಂದ ಬರಲಿ. ಎರಡನೆಯದನ್ನು ಚೌಕಟ್ಟು ಹಾಕಿಸಿ ನಮ್ಮ ಹುಡುಗನ ಮೇಜಿನ ಮೇಲೆ ಇಡಬೇಕೆಂದಿದ್ದೇನೆ.

ಅದೇ 2008ರಲ್ಲಿ ವರ್ಡ್‌ಪ್ರೆಸ್‌ನವರು ಇನ್ನೊಂದು ಆಟ ಆಡಿದರು. ಇಂದು ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟುಗಳ ಹಿಂದೆ ಇರುವ ಈ ತಂತ್ರಾಂಶ ಹುಟ್ಟಿದ್ದು 2003ರಲ್ಲಿ. 2008ರ ಮಾರ್ಚ್‌ನಲ್ಲಿ ಅದರ ಹಿಂಬದಿಗೆ ಹೊಸ ರೂಪ ಕೊಟ್ಟರು. ಜನ ಗೊಣಗಿದರು. ಆಗ ಇವರೂ ಕಣ್ಣಿನ ಓಡಾಟ ಅಳೆದು, ಡಿಸೆಂಬರ್‌ನಲ್ಲಿ ಮತ್ತೊಂದು ರೂಪ ಕೊಟ್ಟರು. ಪರದೆಯ ತಲೆಯ ಮೇಲಿದ್ದ ಆಯ್ಕೆಗಳ ಪಟ್ಟಿ ಎಡಗಡೆಗೆ ಬಂತು. ಒಂದೇ ವರ್ಷದಲ್ಲಿ ಎರಡು ಸಲ ವೇಷ ಬದಲಾಯಿಸಿದ ಆ ಪಟ್ಟಿ ಇವತ್ತಿಗೂ ಎಡಕ್ಕೇ ಇದೆ. ಆಮೇಲೆ ಬಂದ ಎಷ್ಟೋ ಸಿಎಂಎಸ್‌ಗಳಲ್ಲೂ ಅದು ಎಡಕ್ಕೇ ಇದೆ.

‘ಅದು ಕೇಳಿದ್ದಕ್ಕೆಲ್ಲ ಓಕೆ ಅನ್ನು’ ಎಂಬ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಎಚ್ಚರಿಕೆಯ ಯಂತ್ರಗಳಿಗೆ ಮಾತುಮಾತಿಗೂ ‘ಖಚಿತವೇ?’ ಎಂದು ಕೇಳುವ ಚಟ. ದಿನವಿಡೀ ಹಾಗೆ ಕೇಳಿಸಿಕೊಂಡವರ ಬೆರಳು ಓದುವುದನ್ನೇ ಬಿಟ್ಟುಬಿಡುತ್ತದೆ. ಸಂಪಾದಕೀಯವನ್ನು ಅಳಿಸಲೇ ಎಂದಾಗಲೂ ಓಕೆ, ಆಸ್ತಿ ಬರೆದುಕೊಡುತ್ತೀರಾ ಎಂದಾಗಲೂ ಓಕೆ. ಇದಕ್ಕೆ ಮದ್ದು ಇನ್ನೊಂದು ಪ್ರಶ್ನೆ ಅಲ್ಲ. ಅಳಿಸಿದ್ದನ್ನು ಸ್ವಲ್ಪ ದಿನ ಎತ್ತಿಡುವುದು. ವರ್ಡ್‌ಪ್ರೆಸ್‌ನಲ್ಲಿ ಕಸದ ಬುಟ್ಟಿ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ಅಳಿಸಿದ್ದು ಅಳಿಸಿಯೇ ಹೋಗುತ್ತಿತ್ತು. ಈಗ ಮೂವತ್ತು ದಿನ ಬುಟ್ಟಿಯಲ್ಲಿ ಇರುತ್ತದೆ. ಬೈಯುವ ಬದಲು ಕಾಯುವ ಈ ಗುಣವನ್ನು ನಾನು ಕೆಲವು ಮನುಷ್ಯರಲ್ಲೂ ಬಯಸುತ್ತೇನೆ.

ಇಷ್ಟೆಲ್ಲ ಎಲ್ಲ ಭಾಷೆಯವರ ಪಾಡು. ಕನ್ನಡದವರಿಗೆ ಇದರ ಮೇಲೆ ಒಂದಿಷ್ಟು ಒಗ್ಗರಣೆ. ನಮಗೆ ಬರುವ ಲೇಖನಗಳಲ್ಲಿ ಬಹಳಷ್ಟು ಇನ್ನೂ ಹಳೆಯ ನುಡಿ ಫಾಂಟಿನಲ್ಲಿ ಬರುತ್ತವೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಕಾಲದ ವ್ಯವಸ್ಥೆ ಅದು. ಸಿಎಂಎಸ್‌ಗೆ ತಂದು ಅಂಟಿಸಿದ ಕೂಡಲೇ ವೇಷ ಕಳಚಿ ಮೂಲರೂಪ ತೋರಿಸುತ್ತದೆ. ‘ಕನ್ನಡ’ ಅಂತ ಇದ್ದ ಕಡೆ ಒಂದು ಪಿ, ಟೋಪಿ ಹಾಕಿದ ಒಂದು ಎ, ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ! ‘ನ’ ಬರುವ ಬಹಳಷ್ಟು ಕಡೆ ಪೌಂಡು. ‘ನಾನು’ ಅಂದರೆ ಎರಡು ಪೌಂಡು. ಆತ್ಮಕಥೆ ಬರೆಯುವವರು ಹೀಗೆ ನಮ್ಮ ಕಚೇರಿಯಲ್ಲಿ ದೊಡ್ಡ ಶ್ರೀಮಂತರಾಗುತ್ತಾರೆ. ಅಕ್ಕ ಅದನ್ನೆಲ್ಲ ಎತ್ತಿಕೊಂಡು ಬೇರೊಂದು ಪರಿವರ್ತಕಕ್ಕೆ ಹಾಕಿ, ಯೂನಿಕೋಡ್ ಮಾಡಿ, ಅರ್ಕಾವೊತ್ತು ಜಾಗದಲ್ಲಿದೆಯೇ ಎಂದು ಕಣ್ಣಾಡಿಸಿ, ಮತ್ತೆ ತಂದು ಅಂಟಿಸುತ್ತಾರೆ. ಅಂಟಿಸುವ ಹೊತ್ತಿಗೇ ಗುರುತು ಹಿಡಿದು “ಇದು ನುಡಿಯಲ್ಲಿರುವ ಹಾಗಿದೆ, ಬದಲಿಸಿಕೊಡಲೇ?” ಎಂದು ಕೇಳುವುದೇನು ಕಷ್ಟದ ವಿದ್ಯೆಯೇ? ಪರಿವರ್ತಕಗಳು ಇದ್ದೇ ಇವೆ. ಕೇಳಲೇಬೇಕಾದ ಪ್ರಶ್ನೆ ಇದೊಂದು. ಇದನ್ನು ಮಾತ್ರ ಅದು ಕೇಳುವುದಿಲ್ಲ.

ಇನ್ನು ಲೇಖನದ ವಿಳಾಸ. ವರ್ಡ್‌ಪ್ರೆಸ್‌ನಂಥವು ಶೀರ್ಷಿಕೆಯಿಂದಲೇ ವೆಬ್ ವಿಳಾಸ ಹೊಲಿದುಕೊಡುತ್ತವೆ. ಇಂಗ್ಲಿಷಿನ ಒಂದಕ್ಷರಕ್ಕೆ ಅಲ್ಲಿ ಒಂದು ಜಾಗ ಸಾಕು. ನಮ್ಮ ಒಂದೊಂದು ಅಕ್ಷರಕ್ಕೂ, ಕೊಂಬು ಗುಡಿಸುಗಳಿಗೂ, ಒತ್ತು ಕೊಡಲು ಬರುವ ಕಾಣದ ವಿರಾಮಕ್ಕೂ ಯೂನಿಕೋಡ್‌ನ ಮೂರು ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಗುರುತುಗಳಾಗಿ ಹರಡಿಕೊಳ್ಳುತ್ತದೆ. ಅಂದರೆ ಒಂದಕ್ಕೆ ಒಂಬತ್ತು. ‘ಹುಬ್ಬಳ್ಳಿ’ಯನ್ನೇ ಬಿಡಿಸಿ ಎಣಿಸಿ: ಹ, ಕೊಂಬು, ಬ, ವಿರಾಮ, ಬ, ಳ, ವಿರಾಮ, ಳ, ಗುಡಿಸು. ಒಂಬತ್ತು ತುಣುಕು, 81 ಜಾಗ. ವರ್ಡ್‌ಪ್ರೆಸ್ ಇದಕ್ಕೆ ಇಟ್ಟಿರುವ ಮಿತಿ 200. ಎರಡು ಹುಬ್ಬಳ್ಳಿ ಹಿಡಿಸುತ್ತದೆ, ಮೂರನೆಯದನ್ನು ಅರ್ಧ ದಾರಿಯಲ್ಲೇ ಇಳಿಸಿಬಿಡುತ್ತದೆ. ಇಂಥ ಕೊಂಡಿಯನ್ನು ನಮ್ಮ ಹಿರಿಯ ಚಂದಾದಾರರೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿದಾಗ ಅವರು ಫೋನ್ ಮಾಡಿ ಕೇಳಿದರು: “ಇಷ್ಟೊಂದು ಪರ್ಸೆಂಟು ಹಾಕಿದೀರಲ್ಲ, ಯಾವ ಬ್ಯಾಂಕಿನ ಬಡ್ಡಿ ಇದು?” ವಿಳಾಸವನ್ನು ಕೈಯಿಂದ ಚಿಕ್ಕದು ಮಾಡಬಹುದು, ನಿಜ. ಅದನ್ನು ಎಲ್ಲಿ ಮಾಡಬೇಕೆಂದು ಗೊತ್ತಿದ್ದವರಿಗೆ.

ಎಲ್ಲ ಕಡೆ ಹೀಗೇ ಅಂತೇನಿಲ್ಲ. ಕನ್ನಡ ವಿಕಿಪೀಡಿಯದ ಬರೆಯುವ ಡಬ್ಬದ ಮೇಲೆ ಕರ್ಸರ್ ಇಟ್ಟರೆ ಕೀಲಿಮಣೆಯ ಆಯ್ಕೆ ತಾನಾಗಿ ಎದುರಿಗೆ ಬರುತ್ತದೆ. ಲಿಪ್ಯಂತರವೋ ಇನ್‌ಸ್ಕ್ರಿಪ್ಟೋ ಆರಿಸಿಕೊಂಡು, ಕಂಪ್ಯೂಟರಿನಲ್ಲಿ ಏನನ್ನೂ ತುಂಬಿಕೊಳ್ಳದೆಯೇ ಬರೆಯಬಹುದು. ಯಾರೋ ಒಬ್ಬರು ಭಾರತೀಯ ಭಾಷೆಯ ಬರಹಗಾರರ ಪಕ್ಕ ಕೂತು ನೋಡಿದ್ದಾರೆಂದು ಅಲ್ಲಿ ಗೊತ್ತಾಗುತ್ತದೆ.

ಸುಲಭ ಮಾಡದವರ ಮೇಲೆ ಇಷ್ಟೆಲ್ಲ ದೂರು ಹೇಳಿದ ಮೇಲೆ ಸುಲಭ ಮಾಡಹೊರಟವರಿಗೂ ಒಂದು ಮಾತು. 2018ರ ಡಿಸೆಂಬರ್ 6ರಂದು ವರ್ಡ್‌ಪ್ರೆಸ್ 5.0 ಬಂತು. ಅದರ ಜೊತೆಗೆ ಗುಟೆನ್‌ಬರ್ಗ್ ಎಂಬ ಹೊಸ ಬರೆಯುವ ಪರದೆ. ಪ್ಯಾರಾ ಒಂದು ಬ್ಲಾಕು, ಚಿತ್ರ ಒಂದು ಬ್ಲಾಕು, ಎಲ್ಲವನ್ನೂ ಹಿಡಿದು ಎತ್ತಿಡಬಹುದು. ಹೊಸಬರಿಗೆ ಸುಲಭವಾಗಲೆಂದೇ ಮಾಡಿದ್ದು. ಹಳಬರು ಸಿಟ್ಟಾಗಿ, ಹಳೆಯ ಪರದೆಯನ್ನು ವಾಪಸು ತರುವ ಕ್ಲಾಸಿಕ್ ಎಡಿಟರ್ ಎಂಬ ಪ್ಲಗಿನ್ ಹಾಕಿಕೊಂಡರು. ಒಬ್ಬಿಬ್ಬರಲ್ಲ, ಲಕ್ಷಗಟ್ಟಲೆ ತಾಣಗಳವರು. ಚಿತ್ರ, ವಿಡಿಯೊ ತುಂಬಿದ ಪುಟಕ್ಕೆ ಬ್ಲಾಕು ಒಳ್ಳೆಯದೇ. ಬರೀ ಪದ್ಯ, ಗದ್ಯ ಬರೆಯುವವರಿಗೆ ಅದರಿಂದ ಕಿರಿಕಿರಿ ಎಂದು ನನ್ನ ಎಣಿಕೆ. ಆದರೆ ಅದಕ್ಕೆ ಇಟ್ಟ ಹೆಸರು ಹದಿನೈದನೆಯ ಶತಮಾನದ ಮುದ್ರಕನದು ತಾನೆ? ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರನ್ನು ನೆನೆದುಕೊಳ್ಳಿ. ಕೇಸಿನ ಯಾವ ಖಾನೆಯಲ್ಲಿ ಯಾವ ಅಕ್ಷರ, ಯಾವ ಒತ್ತು ಎಂದು ಅವರ ಕಣ್ಣಿಗಿಂತ ಮೊದಲು ಕೈಗೆ ಗೊತ್ತಿರುತ್ತಿತ್ತು. ಯಾರೋ ತಜ್ಞರು ರಾತ್ರೋರಾತ್ರಿ ಬಂದು ಖಾನೆಗಳನ್ನು ‘ವೈಜ್ಞಾನಿಕ’ವಾಗಿ ಬದಲಿಸಿದ್ದರೆ, ಆ ವಾರ ಯಾವ ಪತ್ರಿಕೆಯೂ ಹೊರಬೀಳುತ್ತಿರಲಿಲ್ಲ. ಕೆಟ್ಟ ವ್ಯವಸ್ಥೆಗೂ ಕೈ ಒಗ್ಗುತ್ತದೆ. ಒಗ್ಗಿದ ಮೇಲೆ ಅದೇ ಸುಲಭ. ಆದ್ದರಿಂದ ನೋಟ್‌ಬುಕ್ ಓದುವವರು ಅದರಲ್ಲಿರುವ ದೂರುಗಳನ್ನು ಮಾತ್ರವಲ್ಲ, ದೂರಿಲ್ಲದೆ ಖಾಲಿ ಉಳಿದ ಜಾಗಗಳನ್ನೂ ಓದಬೇಕು. ಅಲ್ಲಿ ಕೈ ಹಾಕದಿದ್ದರೇ ಲೇಸು.

ಕಳೆದ ಸಲ ಕಂಪನಿಯ ಹುಡುಗ ಬಂದಾಗ ಆ ನೋಟ್‌ಬುಕ್ಕನ್ನು ಅವನ ಕೈಗೇ ಕೊಟ್ಟೆ. ನಗುತ್ತಾ ಶುರು ಮಾಡಿದವನು ಎರಡನೆಯ ಪುಟದ ಹೊತ್ತಿಗೆ ನಗು ನಿಲ್ಲಿಸಿದ. ಕೆಟ್ಟವನಲ್ಲ. “ಸರ್, ಕೊಟೇಶನ್‌ನಲ್ಲಿ ಫೀಚರ್ ಎಣಿಸಿ ದುಡ್ಡು ಕೊಡ್ತಾರೆ. ಬಟನ್ ತೆಗೆದಿದ್ದಕ್ಕೆ ಯಾರು ಬಿಲ್ ಪಾಸ್ ಮಾಡ್ತಾರೆ?” ಅಂದ. ಅವನು ಹೇಳಿದ್ದು ಸರಿ. ಕೊಳ್ಳುವುದು ಸಮಿತಿ, ಬಳಸುವುದು ಅಕ್ಕ. ಸಮಿತಿಯ ಸಭೆಗೆ ಅಕ್ಕ ಬರುವುದು ಟೀ ಬಂದಿದೆಯೆಂದು ಹೇಳಲು. ಆದರೂ ಆವತ್ತೇ ಕೂತು ನೀಲಿ ಬಟನ್ ತೆಗೆದ, ಸೇವ್ ಒಂದೇ ಸಲಕ್ಕೆ ಆಗುವಂತೆ ಮಾಡಿದ, ಅಕ್ಕನ ಲಾಗಿನ್‌ನಲ್ಲಿ ಬೇಡದ್ದನ್ನೆಲ್ಲ ಮುಚ್ಚಿದ. ಎಡಗಡೆ ಈಗ ಇರುವುದೇ ಮೂರು.

ಉಳಿದದ್ದು ‘ಲೇಖಕರ ವಿವರ’. ಅಲ್ಲಿ ಇಮೇಲ್ ಮತ್ತು ಹುಟ್ಟಿದ ದಿನಾಂಕದ ಪಕ್ಕದಲ್ಲಿ ಕೆಂಪು ನಕ್ಷತ್ರ. ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ನಮ್ಮ ಹಳಗನ್ನಡದ ಅಂಕಣಕ್ಕೆ ಅಕ್ಕ ಪಂಪನನ್ನು ಸೇರಿಸಲು ಹೋದಾಗ ಅವನ ಇಮೇಲ್ ಕೇಳಿತು. ಕಚೇರಿಯದ್ದನ್ನೇ ಕೊಟ್ಟರು. ಹುಟ್ಟಿದ ದಿನಾಂಕ ಕೇಳಿತು. ಸಾಹಿತ್ಯ ಚರಿತ್ರೆಯಲ್ಲಿ ಕ್ರಿ.ಶ. 902 ಎಂದಿದೆ. ಆದರೆ ಆ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಹೋಗಲು ಇದ್ದದ್ದು ತಿಂಗಳಿಗೊಂದು ಬಾಣ ಮಾತ್ರ. ಲೆಕ್ಕ ಹಾಕಿದರೆ 13,000ಕ್ಕೂ ಹೆಚ್ಚು ಸಲ ಒತ್ತಬೇಕು. ಅದು ತೋರಿಸಿದ ದಿನಾಂಕಕ್ಕೇ ಅಕ್ಕ ಓಕೆ ಅಂದರು. ಪೊನ್ನ, ರನ್ನರನ್ನೂ ಅದೇ ಮಧ್ಯಾಹ್ನ ಸೇರಿಸಿದ್ದರಿಂದ ರತ್ನತ್ರಯರು ಒಂದೇ ದಿನ ಹುಟ್ಟಿದರು. ಸಿಎಂಎಸ್‌ಗೆ ಲೇಖಕರ ಹುಟ್ಟುಹಬ್ಬಕ್ಕೆ ತಾನಾಗಿ ಶುಭಾಶಯ ಕಳಿಸುವ ಸೌಲಭ್ಯವೂ ಇದೆಯೆಂದು, ಅದೂ ಡೀಫಾಲ್ಟ್ ಎಂದು, ನಮಗೆ ತಿಳಿದದ್ದು ಕಚೇರಿಯ ಇಮೇಲಿಗೆ “ಪ್ರಿಯ ಪಂಪ ಅವರೇ” ಎಂದು ಪತ್ರ ಬಂದಾಗ. ಹಿಂದೆಯೇ ಪೊನ್ನನಿಗೊಂದು, ರನ್ನನಿಗೊಂದು. ಈ ಸಲದ ಪತ್ರಗಳು ಬಂದಾಗ ಅಕ್ಕ ಬೆರಳು ಮಡಚಿ ಎಣಿಸಿ ಹೇಳಿದರು: “ಮೂವರಿಗೂ ನಾಲ್ಕು ತುಂಬ್ತು ಸರ್. ಎಲ್‌ಕೆಜಿ ಸೀಟಿಗೆ ಈಗಲೇ ಓಡಾಡಬೇಕು.”