ಕರ್ನಿ ಸಾಹೇಬರ ಸೈನ್ಯ ವಾಪಸ್ ಹೋಗಲಿಲ್ಲ

ಸ್ಯಾನ್ ಡಿಯಾಗೊದ ಕರ್ನಿ ಮೆಸಾದಲ್ಲಿ ಕಾನ್ವಾಯ್ ಸ್ಟ್ರೀಟ್ ಅಂತ ಒಂದು ರಸ್ತೆ. ಹೆಸರು ಕೇಳಿದರೆ ಸೇನೆಯ ಲಾರಿಗಳ ಸಾಲು ಕಣ್ಣಿಗೆ ಕಟ್ಟುತ್ತದೆ, ಹೋಗಿ ನೋಡಿದರೆ ಕೊರಿಯದ ಬಾರ್ಬೆಕ್ಯೂ, ವಿಯೆಟ್ನಾಮಿನ ಫೋ. ಅಮೆರಿಕ ಸೈನ್ಯ ಕಳಿಸಿದ ದೇಶಗಳೆಲ್ಲ ಇಲ್ಲಿ ಹೋಟೆಲು ಇಟ್ಟುಕೊಂಡು ಕೂತಿವೆ. ಬಗಲಲ್ಲೇ ಮಿರಮಾರ್ ನೆಲೆ. ಅಲ್ಲಿಂದೆದ್ದ ಯುದ್ಧವಿಮಾನ ಗುಡುಗಿದಾಗ ಮಾತು ಅರೆಗಳಿಗೆ ನಿಲ್ಲುತ್ತದೆ, ಊಟ ನಿಲ್ಲುವುದಿಲ್ಲ.

ಬಡಾವಣೆಗೆ ಕರ್ನಿ ಎಂಬ ಹೆಸರು ಬಂದದ್ದು 1917ರಲ್ಲಿ ಎದ್ದ ಕ್ಯಾಂಪ್ ಕರ್ನಿ ಎಂಬ ಸೇನಾ ಶಿಬಿರದಿಂದ. ಹಿಂದಿನ ವರ್ಷವಷ್ಟೇ ‘ನಮ್ಮನ್ನು ಯುದ್ಧದಿಂದ ದೂರ ಇಟ್ಟವರು’ ಎಂಬ ಘೋಷಣೆಯ ಮೇಲೆ ಅಧ್ಯಕ್ಷ ವಿಲ್ಸನ್ ಗೆದ್ದಿದ್ದರು. ಏಪ್ರಿಲ್‌ನಲ್ಲಿ ಮೊದಲ ಮಹಾಯುದ್ಧಕ್ಕಿಳಿಯಲು ಸಂಸತ್ತಿನ ಒಪ್ಪಿಗೆ ಪಡೆದರು. ಜನ ಒಪ್ಪಬೇಕಲ್ಲ? ಜಾರ್ಜ್ ಕ್ರೀಲ್ ಎಂಬ ಪತ್ರಕರ್ತನ ಕೈಗೆ ಪ್ರಚಾರ ಸಮಿತಿ ಕೊಟ್ಟರು. ಸುಮಾರು 75,000 ಭಾಷಣಕಾರರು ಸಿನಿಮಾ ಟಾಕೀಸುಗಳಲ್ಲಿ ನಾಲ್ಕು ನಾಲ್ಕು ನಿಮಿಷ ದೇಶಭಕ್ತಿ ಉಣಿಸಿದರು. ರೀಲು ಬದಲಿಸುವಷ್ಟರಲ್ಲಿ ಜನರ ಮನಸ್ಸೂ ಬದಲಾಯಿತು!

ಇನ್ನು ಆ ಶಿಬಿರಕ್ಕೆ ಹೆಸರು ಕೊಟ್ಟ ಜನರಲ್ ಕರ್ನಿ. 1846ರಲ್ಲಿ ಅವರು ಸೈನ್ಯ ಕಟ್ಟಿಕೊಂಡು ಇಲ್ಲಿಗೆ ಬಂದಾಗ ಇದು ಮೆಕ್ಸಿಕೊ. ಅಂದರೆ ಸ್ಯಾನ್ ಡಿಯಾಗೊ ಎಂಬುದು ಹೊರದೇಶಕ್ಕೆ ಕಳಿಸಿದ ಸೈನ್ಯವನ್ನು ವಾಪಸ್ ಕರೆಸಿಕೊಳ್ಳಲು ಮರೆತ ಊರು. ಆ ಮೆಕ್ಸಿಕೊ ಯುದ್ಧಕ್ಕೆ ನೆಪವಾದ ರಕ್ತ ಬಿದ್ದ ಜಾಗ (‘ಸ್ಪಾಟ್’) ಯಾವುದು, ತೋರಿಸಿ ಎಂದು ಅಧ್ಯಕ್ಷ ಪೋಕ್‌ಗೆ ಸವಾಲು ಹಾಕಿದ ಹೊಸ ಸಂಸದನೊಬ್ಬನಿದ್ದ. ವಿರೋಧಿಗಳು ‘ಸ್ಪಾಟಿ’ ಎಂದು ಅಡ್ಡಹೆಸರಿಟ್ಟು ಆಡಿಕೊಂಡರು. ಆತ ಅಬ್ರಹಾಂ ಲಿಂಕನ್.

2003ರ ಮೇ 1ರಂದು ಇದೇ ಕರಾವಳಿಯಾಚೆ ಅಧ್ಯಕ್ಷ ಬುಷ್ ಪೈಲಟ್ ಉಡುಪಿನಲ್ಲಿ ಒಂದು ಯುದ್ಧನೌಕೆಯ ಮೇಲೆ ಬಂದಿಳಿದರು. ತಲೆಯ ಮೇಲೆ ‘ಕಾರ್ಯ ಸಿದ್ಧಿಸಿತು’ ಎಂಬ ಬ್ಯಾನರು. ನೌಕೆಯ ಹೆಸರು? ಅಬ್ರಹಾಂ ಲಿಂಕನ್. ಪಾಪ, ಕಬ್ಬಿಣವಾಗಿದ್ದ ಲಿಂಕನ್ ಈ ಸಲ ಏನೂ ಕೇಳಲಿಲ್ಲ. ಇರಾಕ್ ಯುದ್ಧ ಶುರುವಾದಾಗ ಹತ್ತರಲ್ಲಿ ಏಳು ಜನ ‘ಸೈ’ ಎಂದಿದ್ದರು, 2006ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ‘ತಪ್ಪಾಯಿತು’ ಎಂದರು. ಸೈನಿಕರು ಮಾತ್ರ ಅಲ್ಲೇ ಇದ್ದರು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತ ಮೇಲೆ ಅಭಿಪ್ರಾಯ ಹೇಳಲು ಖರ್ಚೇನೂ ಇಲ್ಲ ನೋಡಿ.

2003ರಲ್ಲಿ ಅಮೆರಿಕ ಇರಾಕಿಗೆಂದು ದೆಹಲಿಯಿಂದಲೂ ಒಂದು ಡಿವಿಷನ್ ಸೈನ್ಯ ಕೇಳಿತ್ತು. ಸಂಸತ್ತು ಗರಂ, ಬೀದಿ ಗರಂ, ವರ್ಷಾಂತ್ಯಕ್ಕೆ ಐದು ವಿಧಾನಸಭೆಗಳ ಚುನಾವಣೆ. ವಿಶ್ವಸಂಸ್ಥೆಯ ಆದೇಶವಿಲ್ಲದೆ ಆಗದು ಎಂದು ವಾಜಪೇಯಿ ಸರ್ಕಾರ ಜುಲೈ 14ರಂದು ಕೈತೊಳೆದುಕೊಂಡಿತು.

ಕಾನ್ವಾಯ್ ಸ್ಟ್ರೀಟಿನಲ್ಲಿ ಸೂಪು ಹೀರುತ್ತಿದ್ದ ನಮ್ಮ ಕನ್ನಡಿಗ ಮಿತ್ರರಿಗೆ ಭಾರತ ಸೈನ್ಯ ಕಳಿಸಲಿಲ್ಲವೆಂಬ ಸಿಟ್ಟು ಇನ್ನೂ ಆರಿಲ್ಲ. ಅವರಿಗೆ ಇಲ್ಲಿ ಓಟಿಲ್ಲ, ಅಲ್ಲಿ ಹೋಗಿ ಹಾಕುವುದಿಲ್ಲ, ಆದರೆ ಎರಡೂ ದೇಶಗಳ ರಕ್ಷಣಾ ಖಾತೆ ಅವರದೇ.

“ಕಳಿಸಬೇಕಿತ್ತು ರೀ! ಸೂಪರ್ ಪವರ್ ಆಗೋದು ಸುಮ್ನೇನಾ?”

“ಯಾರನ್ನ, ನಿಮ್ಮ ಮಗನ್ನಾ?”

“ಅಯ್ಯೋ, ಅವನಿಗೆ ಪರೀಕ್ಷೆ ಇದೆ. ಕೊಡಗಿನವರು ಇದ್ದಾರಲ್ಲ!”