‘ಇರ್ಲಿ ಬಿಡು’ ಸೂತ್ರಕ್ಕೊಂದು ಭಾಷ್ಯ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮುನ್ನ ಅದರ ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು ಎಂಬ ನಾಲ್ಕನ್ನು ಹೇಳಿಯೇ ಮುಂದಡಿಯಿಡತಕ್ಕುದೆಂದು ಪೂರ್ವಸೂರಿಗಳು ವಿಧಿಸಿರುವುದರಿಂದ, ನಾವೂ ಆ ಮರ್ಯಾದೆಯನ್ನು ಮೀರಲಾರೆವು. ಈ ಪ್ರಬಂಧದ ವಿಷಯವು, ನಮ್ಮ ಧಾರವಾಡದ ಕಡೆಯ ಮನೆಗಳಲ್ಲಿ ಒಲೆ, ಹಿತ್ತಲು, ಕೌದಿ ಎಂಬ ಮೂರು ಪೀಠಗಳ ಮೇಲೆ ಪ್ರತಿಷ್ಠಿತವಾಗಿರುವ ಶೇಷತತ್ತ್ವ, ಎಂದರೆ ಉಳಿದದ್ದರ ವಿಚಾರ. ಪ್ರಯೋಜನವು, ಉಳಿದದ್ದನ್ನು ಎಸೆಯಹೋಗಿ ಬೈಸಿಕೊಳ್ಳುವವರ ಸಂಖ್ಯೆಯನ್ನು ತಗ್ಗಿಸುವುದು. ಸಂಬಂಧವು, ಲೇಖಕನು ಸೂತ್ರಕರ್ತ್ರಿಯ ಮೊಮ್ಮಗನಾಗಿರುವುದು. ಅಧಿಕಾರಿಯಾದರೋ, ಹರಿದ ಧೋತರವೊಂದನ್ನು ಒಮ್ಮೆಯಾದರೂ ಬೀದಿಗೆಸೆದು, ಮರುದಿನ ಅದನ್ನೇ ತಂಬಿಗೆ ಒರೆಸುವ ವಸ್ತ್ರವಾಗಿ ಅಡುಗೆಮನೆಯಲ್ಲಿ ಸಂಧಿಸಿ ನಾಚಿದವನು. ಉಳಿದವರು ಓದಬಾರದೆಂದಲ್ಲ, ಓದಿದರೂ ಫಲವಿಲ್ಲವೆಂದಷ್ಟೆ.

ಭೂಮಂಡಲವನ್ನು ಶೇಷನು ಹೊತ್ತಿದ್ದಾನೆಂಬುದು ಪುರಾಣಪ್ರಸಿದ್ಧ. ಶೇಷವೆಂದರೆ ಉಳಿದದ್ದು ಎಂಬ ಅರ್ಥವೂ ಕೋಶಸಿದ್ಧ. ಈ ಎರಡು ಪ್ರಸಿದ್ಧಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವ ಶ್ರಮವನ್ನು ಪೌರಾಣಿಕರು ವಹಿಸದೆ, ಸರ್ಪದ ಹೆಡೆಗಳನ್ನು ಎಣಿಸುವುದರಲ್ಲಿಯೇ ಕಾಲ ಕಳೆದರಾಗಿ, ಲೋಕವು ನಿಂತಿರುವುದು ಉಳಿದದ್ದರ ಮೇಲೆ ಎಂಬ ಮಹಾರಹಸ್ಯವು ನಮ್ಮ ಅಜ್ಜಿಯ ಕಾಲದವರೆಗೆ ಹೊರಬೀಳದೆ ಹೋಯಿತು. ಜೈಮಿನಿಯು ತನ್ನ ಹನ್ನೆರಡು ಅಧ್ಯಾಯಗಳ ಮೀಮಾಂಸಾಸೂತ್ರದಲ್ಲಿ ಮೂರನೆಯದನ್ನು ಶೇಷವಿಚಾರಕ್ಕೇ ಮೀಸಲಿಟ್ಟು, ಇನ್ನೊಂದರ ಸಲುವಾಗಿ ಇರುವುದೇ ಶೇಷವೆಂದು ನಿಷ್ಕರ್ಷಿಸಿದನು, ನಿಜ. ಆದರೆ ಆತನ ಮುಖ ಯಜ್ಞಶಾಲೆಯ ಕಡೆಗಿತ್ತೇ ಹೊರತು ಹಿತ್ತಿಲ ಬಾಗಿಲ ಕಡೆಗಿರಲಿಲ್ಲ. ನಮ್ಮ ಕನ್ನಡಿಗರು ಈ ವಿಷಯದಲ್ಲಿ ಮೇಲು. 1025ರ ಸುಮಾರಿಗೆ ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ಗಿಡಮರಗಳ ಆರೈಕೆಯನ್ನೂ ಅಡುಗೆಯನ್ನೂ ಒಂದೇ ಕಟ್ಟಿನೊಳಗೆ ಕಟ್ಟಿದನು, 1508ರ ಸುಮಾರಿಗೆ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದು, ಬದನೆಕಾಯಿಗೂ ಛಂದಸ್ಸಿನ ಯೋಗ್ಯತೆಯುಂಟೆಂದು ತೋರಿಸಿಕೊಟ್ಟನು. ಆದರೂ ನಿನ್ನೆಯ ರೊಟ್ಟಿಯನ್ನು ಇಂದು ಏನು ಮಾಡಬೇಕೆಂಬುದಕ್ಕೆ ಮಂಗರಸನಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಅರಸುಮಕ್ಕಳ ಮನೆಯಲ್ಲಿ ರೊಟ್ಟಿ ಉಳಿಯುತ್ತಿರಲಿಲ್ಲವೋ, ಉಳಿದದ್ದು ಕವಿಯ ಕಣ್ಣಿಗೆ ಬೀಳುತ್ತಿರಲಿಲ್ಲವೋ, ಚಿಂತನೀಯ.

ಇನ್ನು ಸೂತ್ರ. ನಮ್ಮ ಅಜ್ಜಿಯು ಅರವತ್ತು ವರ್ಷಗಳ ಗೃಹಕೃತ್ಯದ ಮಧ್ಯೆ ದಿನಕ್ಕೆ ಹಲವು ಸಲ ಉಪದೇಶಿಸಿದ ಏಕೈಕ ಸೂತ್ರವು ಹೀಗಿದೆ: “ಇರ್ಲಿ ಬಿಡು, ಬೇಕಾಗ್ತದ.” ಸೂತ್ರವು ಅಲ್ಪಾಕ್ಷರವಾಗಿರಬೇಕೆಂಬ ನಿಯಮವಷ್ಟೆ, ಎಣಿಸಿ ನೋಡಿದರೆ ಇದರಲ್ಲಿ ಅಕ್ಷರಗಳು ಎಂಟೇ, ಅನುಷ್ಟುಪ್ಪಿನ ಒಂದು ಪಾದಕ್ಕೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ವಿಶ್ವತೋಮುಖವಾಗಿರಬೇಕೆಂಬ ನಿಯಮವೂ ಸಲ್ಲುತ್ತದೆ; ಹರಿದ ಚೀಲ, ಬಾಗಿದ ಮೊಳೆ, ಒಂದೇ ಉಳಿದ ಗುಂಡಿ, ಮುರಿದ ಕೊಡೆಯ ಕಡ್ಡಿ, ಅತ್ತೆಯ ಮನೆಯಿಂದ ಬುತ್ತಿ ಕಟ್ಟಿ ತಂದ ಬಟ್ಟೆ, ಬುತ್ತಿಯ ಬಟ್ಟೆಗೆ ಕಟ್ಟಿದ್ದ ದಾರ, ಇವುಗಳಲ್ಲಿ ಯಾವುದೂ ಸೂತ್ರದ ವ್ಯಾಪ್ತಿಯ ಹೊರಗೆ ಬೀಳದು. ಕಷ್ಟವಿರುವುದು ಅಸಂದಿಗ್ಧವಾಗಿರಬೇಕೆಂಬ ಲಕ್ಷಣದಲ್ಲಿ. ‘ಇರ್ಲಿ’ ಎಂದರೆ ಇಟ್ಟುಕೋ. ‘ಬಿಡು’ ಎಂದರೆ ತ್ಯಜಿಸು. ಇಟ್ಟುಕೊಂಡು ತ್ಯಜಿಸುವುದು ಹೇಗೆ? ಈ ವಿರೋಧವನ್ನು ಪರಿಹರಿಸಲಾರದೆ ನಮ್ಮ ಮನೆಯ ಭಾಷ್ಯಕಾರರು ಎರಡು ಪಂಗಡವಾದರು. ‘ಬಿಡು’ ಎಂಬುದು ವಸ್ತುವನ್ನು ಕುರಿತದ್ದಲ್ಲ, ಎಸೆಯಬೇಕೆಂಬ ನಿನ್ನ ಚಾಪಲ್ಯವನ್ನು ಬಿಡು ಎಂದರ್ಥ, ಎಂದು ನಮ್ಮ ತಂದೆಯವರು. ಅಲ್ಲ, ‘ಇನ್ನು ಈ ಮಾತನ್ನು ಬಿಡು, ಹೊರಗೆ ನಡೆ’ ಎಂದರ್ಥ, ಎಂದು ಚಿಕ್ಕಪ್ಪ. ಉಚ್ಚಾರಣೆಯ ಸಮಯದಲ್ಲಿ ಅಜ್ಜಿಯ ಕೈಯಲ್ಲಿರುತ್ತಿದ್ದ ಸೌಟಿನ ದಿಕ್ಕನ್ನು ಪರಿಶೀಲಿಸಿದವರು ಎರಡನೆಯ ಪಕ್ಷಕ್ಕೆ ಒಲಿಯುತ್ತಾರೆ. ‘ಬೇಕಾಗ್ತದ’ ಎಂಬಲ್ಲಿ ಯಾರಿಗೆ, ಯಾವಾಗ, ಏತಕ್ಕೆ ಎಂಬುದು ಉಕ್ತವಾಗಿಲ್ಲ. ಅದನ್ನು ಕೇಳಿದವನಿಗೆ ಅಧಿಕಾರವಿಲ್ಲವೆಂದು ತಿಳಿಯತಕ್ಕುದು.

ಈಗ ಒಲೆಯ ಪ್ರಕರಣ. ಇಲ್ಲಿ ಪೂರ್ವಪಕ್ಷವು ಬಲವಾಗಿದೆ: ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ರಾತ್ರಿ ಕಳೆದ ಅನ್ನವನ್ನು ತಾಮಸಪ್ರಿಯವಾದ ಆಹಾರಗಳ ಪಟ್ಟಿಗೆ ಸೇರಿಸಿರುವಾಗ, ನಿನ್ನೆಯ ಜೋಳದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಯಿಸಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಗಳ ಒಗ್ಗರಣೆ ಕೊಟ್ಟು ಬಡಿಸುವ ಅಜ್ಜಿಯು ಇಡೀ ಕುಟುಂಬವನ್ನು ತಮಸ್ಸಿಗೆ ನೂಕಿದಂತಾಗಲಿಲ್ಲವೆ? ಆಗಲಿಲ್ಲ. ಸ್ನೇಹಯುಕ್ತವಾದ ಆಹಾರವು ತಂಗಳಾಗಿದ್ದರೂ ಭೋಜ್ಯವೆಂದು ಮನುಸ್ಮೃತಿಯ ಐದನೆಯ ಅಧ್ಯಾಯವು ವಿನಾಯಿತಿ ಕೊಟ್ಟಿದೆ. ಸ್ನೇಹವೆಂದರೆ ಎಣ್ಣೆ ತುಪ್ಪ. ಆದುದರಿಂದ ಒಗ್ಗರಣೆಯು ರುಚಿಗೆಂದು ಹುಟ್ಟಿದ್ದಲ್ಲ, ಧರ್ಮಸಂಕಟದ ನಿವಾರಣೆಗೆಂದು ಹುಟ್ಟಿದ್ದು. ಚಟಪಟನೆ ಸಿಡಿಯುವ ಸಾಸಿವೆಯು ತಂಗಳಿಗೆ ಪ್ರಾಯಶ್ಚಿತ್ತಮಂತ್ರ. ನಿನ್ನೆಯ ಅನ್ನವು ಚಿತ್ರಾನ್ನವಾಗುವುದೂ ಇದೇ ನ್ಯಾಯದಿಂದ. ಮನುವನ್ನು ಓದದೆಯೇ ಮನುವಿನ ಐದನೆಯ ಅಧ್ಯಾಯವನ್ನು ಪ್ರತಿ ಬೆಳಗ್ಗೆ ಆಚರಣೆಗೆ ತರುತ್ತಿದ್ದ ಅಜ್ಜಿಯನ್ನು ನಾವು ಈ ಸಂಗತಿಯನ್ನು ಕುರಿತು ವಿಚಾರಿಸಲಾಗಿ, “ಎಣ್ಣಿ ಕಡಿಮಿ ಬಿದ್ದದ, ಇನ್ನೊಂದೀಟ ಹಾಕ್ಬೇಕಿತ್ತು” ಎಂದಷ್ಟೆ ನುಡಿದರು. ಇದನ್ನು ಶ್ರುತಿಪ್ರಮಾಣವೆಂದೇ ಗ್ರಹಿಸಿದ್ದೇವೆ.

ಋತುಗಳು ಆರೆಂಬುದು ಪಂಡಿತರ ಮತ. ಅಜ್ಜಿಯ ಮತದಲ್ಲಿ ಋತುಗಳು ಎರಡೇ: ಮಾಳಿಗೆಯ ಮೇಲೆ ಒಣಹಾಕುವ ಕಾಲ, ಒಣಗಿದ್ದನ್ನು ತಿನ್ನುವ ಕಾಲ. ಹೋಳಿ ಕಳೆದು ಬಿಸಿಲು ಬಲಿತೊಡನೆ ಹಪ್ಪಳ, ಸಂಡಿಗೆ, ಶಾವಿಗೆ, ಮಜ್ಜಿಗೆಯಲ್ಲಿ ಅದ್ದಿದ ಮೆಣಸಿನಕಾಯಿ, ಇವೆಲ್ಲ ಹಳೆಯ ಧೋತರಗಳ ಮೇಲೆ ಸಾಲಾಗಿ ಮಲಗುತ್ತಿದ್ದವು. ಕಾಗೆಗಳನ್ನು ಓಡಿಸುವ ಅಧಿಕಾರಕ್ಕೆ ನಮ್ಮನ್ನು ನೇಮಿಸಲಾಗುತ್ತಿತ್ತು. ಅಲ್ಲಿ ನ್ಯಾಯಶಾಸ್ತ್ರದ ಅಭಾವಪದಾರ್ಥವನ್ನು ನಾವು ಪ್ರತ್ಯಕ್ಷವಾಗಿ ಅಭ್ಯಸಿಸಿದೆವು. ಹಿಟ್ಟು ಕುದಿಯುವ ಮುನ್ನ ಸಂಡಿಗೆಯಿಲ್ಲದಿರುವುದು ಪ್ರಾಗಭಾವ. ಅರ್ಧ ಒಣಗಿ, ಹೊರಗೆ ಗರಿಯಾಗಿ ಒಳಗೆ ಮೆತ್ತಗಿರುವ ಆ ಅಮೃತಘಳಿಗೆಯಲ್ಲಿ ಸಂಡಿಗೆಯು ಕಾವಲುಗಾರನ ಸಮೀಪದಲ್ಲಿಯೇ ಇಲ್ಲವಾಗುವುದು ಪ್ರಧ್ವಂಸಾಭಾವ. ಸಂಡಿಗೆಯು ಕಾಗೆಯಲ್ಲ, ಕಾಗೆಯು ಸಂಡಿಗೆಯಲ್ಲ ಎಂಬುದು ಅನ್ಯೋನ್ಯಾಭಾವ. “ಕಾಗಿ ತಿಂದ್ವು” ಎಂಬ ನಮ್ಮ ಹೇಳಿಕೆಯಲ್ಲಿ ಸತ್ಯಕ್ಕಿದ್ದದ್ದು ಅತ್ಯಂತಾಭಾವ.

ತಿನ್ನುವ ಕಾಲವು ಮಳೆಯೊಡನೆ ಆರಂಭವಾಗಿ, ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಗುರೆಳ್ಳಿನ ಪುಡಿ, ಹೊಲದಲ್ಲಿಯೇ ಸುಟ್ಟು ಉಜ್ಜಿ ಮುಕ್ಕುವ ಸೀತನಿ ಇವುಗಳ ಬಳಿ ಪರಾಕಾಷ್ಠೆಗೆ ಮುಟ್ಟುತ್ತದೆ. ಎಳ್ಳಮಾಸಿಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಉಣ್ಣುವುದಕ್ಕೆ ಮೊದಲು ಚರಗ ಚೆಲ್ಲುವ ಪದ್ಧತಿಯುಂಟಷ್ಟೆ. ಅಲ್ಲಿ ಭೂಮಿ ಮೊದಲು ಉಂಡು, ಉಳಿದದ್ದನ್ನು ನಾವು ಉಣ್ಣುತ್ತೇವೆ. ವರ್ಷದಲ್ಲಿ ಅದೊಂದು ದಿನ ನಾವೇ ಶೇಷಭೋಜಿಗಳು.

ಹಿತ್ತಲಿನ ಪ್ರಕರಣಕ್ಕೆ ಬಂದರೆ, ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಅಡ್ಡ ಬಂದು ನಿಲ್ಲುತ್ತದೆ. ಇದನ್ನು ಖಂಡಿಸಲು ಹೀರೆಬಳ್ಳಿಯೊಂದೇ ಸಾಕು. ಅದರ ತಿರುಳು ಪಲ್ಯಕ್ಕೆ. ಸಿಪ್ಪೆಯು ಹುರಿದು ಅರೆದರೆ ಚಟ್ನಿಗೆ. ಎಲೆಮರೆಯಲ್ಲಿ ಕಣ್ಣು ತಪ್ಪಿಸಿಕೊಂಡು ಬಲಿತ ಕಾಯಿಯು ಬಳ್ಳಿಯ ಮೇಲೆಯೇ ಒಣಗಿದರೆ ಅದರ ನಾರಿನ ಗೂಡು ಬಚ್ಚಲಿನಲ್ಲಿ ಮೈಯುಜ್ಜುವುದಕ್ಕೆ. ಒಳಗಿನ ಕರಿಯ ಬೀಜಗಳು ಬೂದಿಯಲ್ಲಿ ಹೊರಳಿ, ಚಿಂದಿಯ ಗಂಟಿನಲ್ಲಿ ತೊಲೆಗೆ ನೇತುಬಿದ್ದು ಮುಂದಿನ ಮಿರುಗದ ಮಳೆಯನ್ನು ಕಾಯುವುದಕ್ಕೆ. ಪುರುಷಾರ್ಥಗಳು ನಾಲ್ಕೆಂದು ಕೇಳಿದ್ದೇವೆ. ಮನುಷ್ಯರಲ್ಲಿ ನಾಲ್ಕನ್ನೂ ಸಾಧಿಸಿದವರನ್ನು ಕಂಡಿಲ್ಲ, ಹೀರೆಕಾಯಿಯಲ್ಲಿ ಕಂಡಿದ್ದೇವೆ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಎಮ್ಮೆಗೆ, ಬಚ್ಚಲ ನೀರು ಬಾಳೆಗೆ, ಒಲೆಯ ಬೂದಿ ಮೊದಲು ಪಾತ್ರೆಗೆ, ಆಮೇಲೆ ಬದನೆಯ ಹುಳುವಿಗೆ. ಉಳಿದ ಗಿಡಗಳ ವಿಸ್ತಾರಕ್ಕೆ ಇಲ್ಲಿ ಸ್ಥಳವಿಲ್ಲ.

ಕೌದಿಯು ಶೇಷತತ್ತ್ವದ ಶಿಖರ. ಸಂಸ್ಕೃತದಲ್ಲಿ ಇದಕ್ಕೆ ಕಂಥೆಯೆಂದು ಹೆಸರು. ಆ ಹೆಸರೇ ಬಂಗಾಳದಲ್ಲಿ ಕಾಂಥಾ ಆಗಿ ನಿಂತಿದೆ. ಮರಾಠಿಗರು ಗೋಧಡಿ ಎನ್ನುತ್ತಾರೆ. ಕಾರಣದಲ್ಲಿ ಕಾರ್ಯವು ಮೊದಲೇ ಅಡಗಿರುತ್ತದೆ, ಎಳ್ಳಿನಲ್ಲಿ ಎಣ್ಣೆಯಿರುವಂತೆ, ಎಂಬ ಸಾಂಖ್ಯರ ಸತ್ಕಾರ್ಯವಾದವನ್ನು ನಾವು ಕಲಿತದ್ದು ಯಾವ ಪಾಠಶಾಲೆಯಲ್ಲಿಯೂ ಅಲ್ಲ, ಅರಿವೆಯ ಅಂಗಡಿಯ ಗಾದಿಯ ಮೇಲೆ. ಇಳಕಲ್ಲ ಸೀರೆಯನ್ನು ಕೊಳ್ಳಹೋದ ಇತರ ಹೆಂಗಸರು ತೋಪು ತೇನಿಯ ಸೆರಗನ್ನು ನೋಡಿ, ಒಡಲಿನ ಹತ್ತಿಗೆ ಸೆರಗಿನ ರೇಷ್ಮೆಯನ್ನು ಕೂಡಿಸಿರುವ ಕೊಂಡಿಗಳನ್ನು ಮೆಚ್ಚುತ್ತಿದ್ದರೆ, ನಮ್ಮ ಅಜ್ಜಿಯು ಸೀರೆಯ ಒಡಲನ್ನು ಎರಡು ಬೆರಳುಗಳ ನಡುವೆ ತೀಡಿ, ಕಣ್ಣು ಮುಚ್ಚಿ, “ಕೌದಿಗೆ ಛಲೋ ಆಗ್ತದ” ಎನ್ನುತ್ತಿದ್ದರು. ಸೀರೆಯು ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಅಂಗಡಿಯವನ ಮುಖ ಮಾತ್ರ ಮಡಿಚಿಕೊಳ್ಳುತ್ತಿತ್ತು. ಆ ಸೀರೆಯು ಮೊದಲು ಹಬ್ಬಕ್ಕೆ, ಬಳಿಕ ನಿತ್ಯಕ್ಕೆ, ಬಳಿಕ ಕೂಸಿನ ಜೋಳಿಗೆಗೆ ಎಂದು ಆಶ್ರಮದಿಂದ ಆಶ್ರಮಕ್ಕೆ ದಾಟುತ್ತ, ಇಪ್ಪತ್ತು ವರ್ಷಗಳ ಅನಂತರ ಕೌದಿಯಲ್ಲಿ ಸಂನ್ಯಾಸ ಸ್ವೀಕರಿಸುವಾಗ, ಮೊದಲ ದಿನದ ಆ ಮಾತು ಸತ್ಯವಾಗುತ್ತಿತ್ತು.

ಸುಗ್ಗಿ ತೀರಿ ಕೈ ಬಿಡುವಾದಾಗ ಪಡಸಾಲೆಯಲ್ಲಿ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಜನ ನಾಲ್ಕು ಅಂಚಿಗೆ ಕುಳಿತು, ದಪ್ಪ ದಾರದ ಓಟದ ಹೊಲಿಗೆಯನ್ನು ಹಾಕುವರು. ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಅಂಚಿನಿಂದ ತೊಡಗಿ ಸುತ್ತುತ್ತ ನಡುವಿಗೆ ಬಂದು ಮುಗಿಸುವರು. ನಾಲ್ಕು ಮೂಲೆಗಳಿಗೆ ಬಟ್ಟೆ ಮಡಿಚಿ ಮಾಡಿದ ‘ಫೂಲ’ಗಳನ್ನಿಡದಿದ್ದರೆ ಕೌದಿಯು ಬತ್ತಲೆಯೆಂದೇ ಅವರ ಭಾವನೆ. ನಮ್ಮ ಮನೆಯ ದೊಡ್ಡ ಕೌದಿಯಲ್ಲಿ ಏಳು ಸೀರೆ, ಮೂರು ಧೋತರ, ಲೆಕ್ಕವಿಲ್ಲದಷ್ಟು ಗುಳೇದಗುಡ್ಡದ ಖಣದ ತುಂಡುಗಳಿದ್ದು, ಅದು ವಂಶಾವಳಿಯ ಗ್ರಂಥವಾಗಿಯೂ ಸಾಕ್ಷ್ಯಸಂಪುಟವಾಗಿಯೂ ಉಪಯೋಗಕ್ಕೆ ಬರುತ್ತಿತ್ತು. ಒಮ್ಮೆ ನಮ್ಮ ಸೋದರತ್ತೆಯು ತವರಿಗೆ ಬಂದು ಮಲಗಿದವಳು ನಡುರಾತ್ರಿ ಎದ್ದು ದೀಪ ಹಚ್ಚಿ, ತನ್ನ ಮದುವೆಯಲ್ಲಿ ಕಳೆದುಹೋಯಿತೆಂದು ಹನ್ನೆರಡು ವರ್ಷ ಹುಡುಕಿದ ಹಸಿರು ಖಣವನ್ನು ಎಡಗಡೆಯ ಮೂಲೆಯಲ್ಲಿ ಪತ್ತೆಹಚ್ಚಿದಳು. ಮುಂದಿನ ಚರ್ಚೆಯು ಬೆಳಗಿನ ಜಾವದವರೆಗೆ ನಡೆಯಿತಾದರೂ ಅದರ ವಿವರಗಳು ಶಾಸ್ತ್ರಕ್ಕೆ ಅನುಪಯುಕ್ತ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕಟ್ಟಿದವನು ಕೌದಿಯನ್ನು ಕಂಡವನಲ್ಲ. ಮೊಮ್ಮಕ್ಕಳ ಕಾಲು ಉದ್ದವಾದಂತೆ ಅಜ್ಜಿಯು ಕೆಳಗಡೆ ಒಂದೊಂದು ಗೇಣು ಕೂಡಿಸುತ್ತಿದ್ದರು. ಮಹಾನವಮಿಗೆ ಮುನ್ನ ಹಾಸಿಗೆ ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಹೊತ್ತು ಒಗೆಯುವ ದಿನ, ನೆನೆದ ಆ ಕೌದಿಯನ್ನು ಹಿಂಡಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ಸಂಸಾರಭಾರವೆಂಬ ಶಬ್ದವು ಎಲ್ಲಿಂದ ಬಂತೆಂಬುದು ಅಲ್ಲಿ ನಿಂತವರಿಗೆ ತಿಳಿಯುತ್ತಿತ್ತು.

ಕಡೆಯ ಆಕ್ಷೇಪ: ಕೌದಿಯೂ ಹರಿದರೆ? ಹರಿದ ಕೌದಿಯ ಮೇಲೊಂದು ಹೊಸ ಹಳೆಯ ಸೀರೆಯನ್ನು ಹೊದಿಸಿ ಹೊಲಿಯುವುದರಿಂದ, ಕೌದಿಯೊಳಗೆ ಕೌದಿ, ಅದರೊಳಗೆ ಇನ್ನೊಂದು, ಹೀಗೆ ಅನವಸ್ಥಾದೋಷವು ಒದಗುವುದೆಂದು ತಾರ್ಕಿಕರು ಹೇಳಬಹುದು. ಒದಗುವುದಿಲ್ಲ, ಏಕೆಂದರೆ ಒಂದು ಹಂತದಲ್ಲಿ ಅದರ ತುಂಡು ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆಯಾಗುವುದು, ಮಸಿ ಅರಿವೆಯು ಒಂದು ದಿನ ಒಲೆಗೆ ತೀರ ಸಮೀಪಿಸಿ ಬೂದಿಯಾಗುವುದು, ಬೂದಿಯಲ್ಲಿ ಹೀರೆಯ ಬೀಜಗಳು ಹೊರಳುವುವು. ಹಾಗಾದರೆ ಚಕ್ರಕದೋಷವಾಯಿತಲ್ಲ ಎಂದರೆ, ಆಯಿತು. ಅಜ್ಜಿಗೆ ಅದನ್ನು ತಿಳಿಸಿದ್ದೇವೆ. ಅವರು ಬದಲಾಯಿಸಲು ಒಪ್ಪಲಿಲ್ಲ.

ಈ ಭಾಷ್ಯದ ಉತ್ತರಾರ್ಧವೂ ಸಿದ್ಧವಾಗಿತ್ತು. ಉಪ್ಪಿನಕಾಯಿಯ ಭರಣಿಗಳ ವರ್ಗೀಕರಣ, ಚಿಂದಿಗೂ ಚೂರಿಗೂ ಇರುವ ತಾರತಮ್ಯ, ದಬ್ಬಣದ ಕಣ್ಣಿನ ವಿಚಾರ ಮುಂತಾದ ಗಹನ ವಿಷಯಗಳು ಅದರಲ್ಲಿದ್ದುವು. ಒಂದು ಮಧ್ಯಾಹ್ನ ನಾವು ಮಲಗಿದ್ದಾಗ, ಒಂದೇ ಮಗ್ಗುಲಿಗೆ ಬರೆದ ಒಳ್ಳೆಯ ಗಟ್ಟಿ ಕಾಗದವೆಂದು ಕಂಡು ಅಜ್ಜಿಯು ಅದನ್ನು ಹಪ್ಪಳದ ಡಬ್ಬಿಯ ತಳಕ್ಕೆ ಹಾಸಿದ್ದಾರೆ. ಡಬ್ಬಿ ಇನ್ನೂ ತುಂಬಿದೆ. ಜಿಜ್ಞಾಸುಗಳಾದ ವಾಚಕರು ದಯಮಾಡಿ ಊಟದ ಹೊತ್ತಿಗೆ ಬಂದು ಹಪ್ಪಳ ತೀರಿಸಲು ನೆರವಾಗಬೇಕಾಗಿ ಪ್ರಾರ್ಥನೆ.