ಹಸಿರು ಟೋಪಿ

ಹೈದರಾಬಾದಿನಲ್ಲಿರುವ ನಮ್ಮ ಅಳಿಯ, ಅಂದರೆ ಅಕ್ಕನ ಮಗ, ಒಂದು ಹಳೇ ಕ್ರೂಜರ್ ಕೊಂಡ. ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಮಲಗಲಿಕ್ಕೆ ಹಲಗೆ, ಗ್ಯಾಸಿನ ಒಲೆ, ನೀರಿನ ಟಾಕಿ, ಬ್ಯಾಟರಿ ಫ್ಯಾನು ಕೂಡಿಸಿ, ಭಂಕೂರಿಗೆ ತಂದು ನಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದ.

‘ಇದಕ್ಕ ಕ್ಯಾರವಾನ್ ಅಂತಾರ, ಮಾಮಾ. ಎಲ್ಲಿ ಬೇಕಲ್ಲಿ ನಿಂದ್ರಸ್ಬೋದು, ಉಣ್ಬೋದು, ಮಕ್ಕೋಬೋದು.’

ನಮ್ಮ ಅವ್ವ ಒಳಗೆ ಇಣುಕಿ ನೋಡಿದಳು. ‘ಇದ್ರಾಗ ಹೊಸಾದು ಏನದನೋ? ಸನ್ನತಿ ಜಾತ್ರಿಗಿ ನಾವು ಬಂಡ್ಯಾಗ ಇದೇ ಮಾಡ್ತಿದ್ವಿ.’

ಅವ್ವನ ಮಾತು ತೆಗೆದುಹಾಕುವಂಥದ್ದಲ್ಲ. ರೊಟ್ಟಿ ಗಂಟು, ಶೇಂಗಾ ಹಿಂಡಿ, ಕೌದಿ, ಅಳುವ ಕೂಸು ಎಲ್ಲ ಹಾಕಿಕೊಂಡು ಭೀಮೆಯ ದಂಡೆಯ ತನಕ ಹೋಗಿ, ಗಾಡಿಯ ಕೆಳಗೇ ಮಲಗಿ ಬಂದ ತಲೆಮಾರು ಅದು. ಅದಕ್ಕೂ ಹಿಂದೆ ಹೋದರೆ, ನಮ್ಮ ಚಿತ್ತಾಪುರ, ಚಿಂಚೋಳಿ ಕಡೆಯ ತಾಂಡಾಗಳ ಲಂಬಾಣಿಗರ ಹಿರಿಯರು ಉಪ್ಪು, ದವಸ ಹೇರಿದ ಸಾವಿರಾರು ಎತ್ತು ಹೊಡೆದುಕೊಂಡು, ಹೆಂಡಿರು ಮಕ್ಕಳ ಸಮೇತ ದಖ್ಖನ್ನಿನ ತುಂಬ ತಿರುಗಿದವರು. ಮೊಗಲರ ದಂಡಿಗೂ ಅವರೇ ಕಾಳು ಮುಟ್ಟಿಸುತ್ತಿದ್ದರು. ಅಷ್ಟು ದೊಡ್ಡ ಸಂಸಾರ ನಡೆದರೂ ಹವಾ ಹಾಕಿಸುವ ತಾಪತ್ರಯ ಯಾರಿಗೂ ಇರಲಿಲ್ಲ. ಅದನ್ನು ಜಗತ್ತಿಗೆ ತಗುಲಿಹಾಕಿದವನು ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್. ಮಗನ ಮೂರು ಗಾಲಿ ಸೈಕಲ್ಲು ಕುಲುಕುತ್ತದೆ ಎಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ, 1888ರಲ್ಲಿ ಅದಕ್ಕೆ ಪೇಟೆಂಟೂ ಪಡೆದ. ಅವನ ಕಸುಬು ದನದ ಡಾಕ್ಟರಿಕೆ. ಎತ್ತಿನ ಅನ್ನಕ್ಕೆ ಕಲ್ಲು ಹಾಕಲಿಕ್ಕೆ ದನದ ಡಾಕ್ಟರೇ ಬೇಕಾಯಿತು ನೋಡಿ.

ಅಳಿಯನ ಗಾಡಿಯ ಖರೇ ಠೀವಿ ಇದ್ದದ್ದು ಗಾಲಿಗಳಲ್ಲಿ. ನಾಲ್ಕೂ ವಾಲ್‌ಗಳ ಮೇಲೆ ಹಸಿರು ಟೋಪಿ. ಗಾಲಿಗೆ 40 ರೂಪಾಯಿಯಂತೆ ಕೊಟ್ಟು ನೈಟ್ರೋಜನ್ ತುಂಬಿಸಿದ್ದನಂತೆ. ಹವಾ ಜಲ್ದಿ ಇಳಿಯುವುದಿಲ್ಲ, ಬಿಸಿಲಿಗೆ ಉಬ್ಬುವುದಿಲ್ಲ, ಟಾಯರ್ ಸಿಡಿಯುವುದಿಲ್ಲ, ಡೀಸೆಲ್ ಉಳಿಯುತ್ತದೆ ಎಂದು ಬಂಕಿನ ಹುಡುಗ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದ. ಕ್ರಾಸಿನ ಪಂಚರ್ ಕಾಕಾ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದವನು ಕಪ್ಪು ಕೆಳಗಿಟ್ಟು ಕೇಳಿದ: ‘ನಾ ಹಾಕೋ ಹವಾದಾಗ ಏನಿರ್ತದ್ರಿ ಮತ್ತ?’

ಅದರ ಉತ್ತರ ಹೇಳುವ ಕೆಲಸ ನನ್ನ ಮೇಲೆ ಬಿತ್ತು. ಗಾಳಿಯಲ್ಲಿ 78 ಭಾಗ ನೈಟ್ರೋಜನ್ನೇ, 21 ಭಾಗ ಆಕ್ಸಿಜನ್. ಉಳಿದ ಒಂದು ಭಾಗ ಪುಸ್ತಕದ ಪ್ರಕಾರ ಹೆಚ್ಚಾಗಿ ಆರ್ಗಾನ್. ವಾಡಿಯ ಕಡೆ ಹೋದರೆ ಅದರಲ್ಲಿ ಸಿಮೆಂಟೂ ತನ್ನ ಪಾಲು ಕೇಳುತ್ತದೆ. ಬಂಕಿನ ಮಷೀನು ನೈಟ್ರೋಜನ್ನನ್ನು ಎಲ್ಲಿಂದಲೋ ತರುವುದಿಲ್ಲ. ಅಲ್ಲಿನದೇ ಗಾಳಿ ಎಳೆದುಕೊಂಡು, ಆಕ್ಸಿಜನ್ನನ್ನೂ ತೇವವನ್ನೂ ಸೋಸಿ ತೆಗೆದು, ನೂರಕ್ಕೆ 95ರ ಆಸುಪಾಸಿನ ನೈಟ್ರೋಜನ್ ಕೊಡುತ್ತದೆ. ಅದೂ ಗಾಲಿಯೊಳಗೆ ಹೋಗಿ 95 ಆಗಿ ಉಳಿಯುವುದಿಲ್ಲ. ಹವಾ ಪೂರ್ತಿ ಬಿಟ್ಟರೂ ಹೊರಗಿನಷ್ಟೇ ಒತ್ತಡದ ಹಳೇ ಗಾಳಿ ಒಳಗೇ ಕೂತಿರುತ್ತದೆ. ಅದರ ಮೇಲೆ 35 ಪಿಎಸ್‌ಐ ತುಂಬಿಸಿದರೆ ಲೆಕ್ಕ ನೂರಕ್ಕೆ 90ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಅಳಿಯ 40 ರೂಪಾಯಿ ಕೊಟ್ಟು ಕೊಂಡದ್ದು ಬರೇ 12 ಭಾಗ.

‘ವಿಮಾನಕ್ಕ ಅದನ್ನೇ ಹಾಕ್ತಾರಲ್ಲ, ಮಾಮಾ?’

ಹಾಕುತ್ತಾರೆ. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನ ಇಳಿಯಲು ಶುರುವಾದಾಗಿನಿಂದ ಈ ವಾದ ನಮ್ಮ ಕಡೆ ಜೋರು ನಡೆಯುತ್ತದೆ. ಆದರೆ ವಿಮಾನದ ಕಷ್ಟ ಬೇರೆ. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹಾರಿದ ಬೋಯಿಂಗ್ 727ರ ಬ್ರೇಕು ಕಾದು, ನೈಟ್ರೋಜನ್ ಬದಲು ಬರೇ ಹವಾ ತುಂಬಿದ್ದ ಗಾಲಿ ಆಕಾಶದಲ್ಲೇ ಸಿಡಿದು, 167 ಜನ ಸತ್ತರು. ಆ ಕಾವಿನಲ್ಲಿ ಒಳಗಿನ ಆಕ್ಸಿಜನ್ನೇ ಬೆಂಕಿಗೆ ಒತ್ತಾಸೆಯಾಗುತ್ತದೆ. ನಮ್ಮ ಕ್ರೂಜರ್ ಶಹಾಬಾದಿನಿಂದ ಕಲಬುರಗಿಗೆ ಹೋಗುವ ವೇಗದಲ್ಲಿ ಕಾಯುವುದು ಡ್ರೈವರನ ತಲೆ ಮಾತ್ರ.

ಇನ್ನು ಬಿಸಿಲಿನ ಮಾತು. ಮೇ ತಿಂಗಳಲ್ಲಿ ಇಲ್ಲಿ 43, 44 ಡಿಗ್ರಿ ಬಂದರೆ ನಾವು ಸುದ್ದಿ ಅನ್ನುವುದಿಲ್ಲ. ಡಾಂಬರಿನ ಮೇಲೆ ಉರುಳುವ ಗಾಲಿಯ ಒಳಗಿನ ಕಾವು ಇನ್ನೂ ಹೆಚ್ಚು. ಮುಂಜಾನೆ 28 ಡಿಗ್ರಿಯಲ್ಲಿ 35 ಹಾಕಿದ ಗಾಲಿ, ಒಳಗೆ 58 ಡಿಗ್ರಿಗೆ ಕಾದರೆ 40 ತೋರಿಸುತ್ತದೆ. ಒಣ ಹವಾ ಇರಲಿ, ನೈಟ್ರೋಜನ್ ಇರಲಿ, ಇಬ್ಬರೂ ಅಷ್ಟೇ ಉಬ್ಬುತ್ತಾರೆ. ಟೋಪಿಯ ಬಣ್ಣ ನೋಡಿ ಬಿಸಿಲು ರಿಯಾಯತಿ ಕೊಡುವುದಿಲ್ಲ. ಮಷೀನಿನ ಗಾಳಿಯಲ್ಲಿ ನೀರಿನ ಪಸೆ ಇರುವುದಿಲ್ಲ ಎಂಬುದೊಂದು ನಿಜವಾದ ಲಾಭ. ನಮ್ಮ ಬೇಸಿಗೆಗೆ ಅದನ್ನು ಮಾರಲು ಬರುವವನ ಧೈರ್ಯ ಮೆಚ್ಚಬೇಕು.

ಹವಾ ಇಳಿಯುವ ವಿಷಯದಲ್ಲಿ ಮಾತ್ರ ಬಂಕಿನ ಹುಡುಗ ಪೂರ್ತಿ ಸುಳ್ಳು ಹೇಳಿಲ್ಲ. ರಬ್ಬರಿನೊಳಗಿಂದ ಆಕ್ಸಿಜನ್ ನೈಟ್ರೋಜನ್ನಿಗಿಂತ ಮೂರು ನಾಲ್ಕು ಪಟ್ಟು ಜಲ್ದಿ ಜಾರಿಕೊಳ್ಳುತ್ತದೆ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯವರು 2006ರಿಂದ 2007ರ ತನಕ 31 ನಮೂನೆಯ ಟಾಯರುಗಳಿಗೆ 30ರಂತೆ ತುಂಬಿ, ಒಂದು ವರ್ಷ ಹೊರಗಿಟ್ಟು ಅಳೆದು ನೋಡಿದರು. ಹವಾ ಸರಾಸರಿ 3.5 ಇಳಿದಿತ್ತು, ನೈಟ್ರೋಜನ್ 2.2. ವರ್ಷವೆಲ್ಲ ಕಾದು ಕೂತವರಿಗೆ ಸಿಕ್ಕ ಲಾಭ 1.3. ಪಂಚರ್ ಕಾಕಾ ಮೀಟರನ್ನು ವಾಲ್‌ಗೆ ಹಚ್ಚಿ ತೆಗೆಯುವಾಗ ‘ಫುಸ್ಸ್’ ಎಂದು ಹೋಗುವುದೇ ಅದರಲ್ಲಿ ಎಷ್ಟೋ.

ಎಲ್ಲ ಕೇಳಿಸಿಕೊಂಡ ಕಾಕಾ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದ. ಅವನ ಅನ್ನ ನಡೆಯುವುದು ನಮ್ಮ ಕಲ್ಲಿನ ಮೇಲೆ. ಶಹಾಬಾದಿ ಫರಸಿ ಅಂದರೆ ಮಹಾರಾಷ್ಟ್ರದ ಅಡುಗೆಮನೆಗಳಿಗೂ ಗೊತ್ತು. ಹಾಸುಗಲ್ಲು ಹೇರಿದ ಲಾರಿ, ಟ್ರಾಕ್ಟರುಗಳಿಂದ ದಾರಿಗುಂಟ ಉದುರುವ ಚೂರುಗಳು ಕತ್ತಿಯಂತೆ ಚೂಪು. ಕಲ್ಲು ನಟ್ಟರೆ ಟಾಯರು ಒಳಗೇನಿದೆ ಎಂದು ವಿಚಾರಿಸಿ ಪಂಚರ್ ಆಗುವುದಿಲ್ಲ. ಜಾತ್ರೆಯ ದಿನಗಳಲ್ಲಿ ಒಂದೊಂದು ಕ್ರೂಜರಿಗೆ ಒಳಗೆಷ್ಟೋ ಮೇಲೂ ಅಷ್ಟೇ ಜನ ಕೂತು ಹೋಗುವುದೂ ಅವನ ಪುಣ್ಯವೇ.

ಕಾಕಾ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಧೂಳು ಒರೆಸಿ, ಅಂಕಿ ಓದಿದ: ‘ಒಂದು, ಒಂಬತ್ತು, ಒಂದು, ನಾಕು.’

‘1914? ನಮ್ಮ ಮಾವ ಹುಟ್ಟಿದ ವರ್ಷ!’ ಅಂದಳು ಅವ್ವ.

ಅಷ್ಟು ಹಳೆಯದೇನಲ್ಲ, 2014ನೆಯ ಇಸವಿಯ 19ನೆಯ ವಾರ ತಯಾರಾದ ಟಾಯರು ಎಂದು ಅರ್ಥ. ಹಲ್ಲು ಹೊಸದರಂತೆ ಇದ್ದವು. ಇಂಥ ಗಾಡಿಗಳ ಕರ್ಮವೇ ಅದು. ವರ್ಷಕ್ಕೊಮ್ಮೆ ಹೊರಡುವುದು, ಉಳಿದ ದಿನ ಬಿಸಿಲಲ್ಲಿ ನಿಲ್ಲುವುದು. ಹಲ್ಲು ಸವೆಯುವ ಮೊದಲೇ ರಬ್ಬರಿಗೆ ಮುಪ್ಪು ಬರುತ್ತದೆ. ಕಾಕಾ ಬೆರಳಿಟ್ಟು ತೋರಿಸಿದಲ್ಲಿ ಪಕ್ಕೆಯ ತುಂಬ ಸಣ್ಣ ಸಣ್ಣ ಬಿರುಕು, ಎರೆಹೊಲದಲ್ಲಿ ಬೇಸಿಗೆಗೆ ಬಿಡುವ ಹಾಗೆ.

‘ಟಾಯರ್ ಹೋಗ್ಯಾವ್ರಿ. ಒಳಗ ನೀವು ಪನ್ನೀರ ತುಂಬಸ್ರಿ, ಏನ್ ಉಪ್ಯೋಗ?’

ಅಳಿಯ ಕಲಬುರಗಿಗೆ ಹೋಗಿ ನಾಲ್ಕು ಹೊಸ ಟಾಯರ್ ಹಾಕಿಸಿಕೊಂಡು ಬಂದ. ನೈಟ್ರೋಜನ್ ಮುಫತ್ ಕೊಟ್ಟರಂತೆ, ಹಾಕಿಸಿಕೊಂಡ. ಅದಕ್ಕೆ ನನ್ನ ತಕರಾರಿಲ್ಲ. ಪುಕ್ಕಟೆ ಸಿಕ್ಕ 12 ಭಾಗ ಯಾಕೆ ಬಿಡಬೇಕು? 40 ಕೊಡುವ ಮಾತಿದ್ದರೆ ಮಾತ್ರ, ನಾಲ್ಕು ಗಾಲಿಯ ಆ ರೊಕ್ಕದ ಮೇಲೆ ಇನ್ನಷ್ಟು ಹಾಕಿ ಒಂದು ಮೀಟರು ಕೊಂಡು, ತಿಂಗಳಿಗೊಮ್ಮೆ ಮುಂಜಾನೆಯ ತಂಪಿನಲ್ಲಿ ನೋಡಿಕೊಳ್ಳಲಿ ಎಂಬ ಪಕ್ಷದವನು ನಾನು.

ಗಾಣಗಾಪುರಕ್ಕೆ ಹೊರಡುವ ದಿನ ಅವ್ವ ಮುಂದಿನ ಸೀಟು ಹಿಡಿದು ಕೂತಿದ್ದಳು. ಕ್ರಾಸಿನಲ್ಲಿ ಕಾಕಾ ಕೈ ಅಡ್ಡ ಹಾಕಿ ನಿಲ್ಲಿಸಿ, ಸ್ಟೆಪ್ನಿಗೆ ಮೀಟರ್ ಹಚ್ಚಿದ. ಮುಳ್ಳು ಅಲುಗಲಿಲ್ಲ. ಕಂಪ್ರೆಸರ್ ಶುರು ಮಾಡಿ 35 ತುಂಬಿಸಿದ.

‘ಎಷ್ಟು ಕೊಡ್ಲಿ ಕಾಕಾ?’

‘31 ರೂಪಾಯಿ.’

‘ಬರೇ ಹವಾಕ್ಕ 31?’

‘ಅದ್ರಾಗ 78 ಭಾಗ ನೈಟ್ರೋಜನ್ನೇ ಅದ ಅಂತ ನಿಮ್ ಮಾಮಾನೇ ಹೇಳ್ಯಾರ. ನಿಮ್ ಬಂಕಿನ 40ರ ಲೆಕ್ಕ ಹಿಡೀರಿ, 31 ರೂಪಾಯಿ 20 ಪೈಸಾ ಆತದ. ಮನಿ ಮಂದಿ ಅಂತ ಪೈಸಾ ಬಿಟ್ಟೀನಿ.’